‘ಬಿ.ಪಿ. ನಾರ್ಮಲ್ ಐತಿ’

ನನಗೆ ಸಿಕಲ್ ಸೆಲ್ ಕಾಯಿಲೆ ಇದೆ. ಹುಟ್ಟಿದಾಗಿನಿಂದಲೂ ಇದೆ, ಹೆಸರು ಗೊತ್ತಾದದ್ದು ಹೈಸ್ಕೂಲಿಗೆ ಬಂದ ಮೇಲೆ. ಈ ಕಾಯಿಲೆಯ ಮಾತು ಬಂದಾಗ ಎಲ್ಲರೂ ಕೇಳುವುದು ನೋವಿನ ಬಗ್ಗೆ. ಆ ನೋವನ್ನು ನಾನು ಬೇಕಾದಷ್ಟು ಉಂಡಿದ್ದೇನೆ. ಆದರೆ ನನ್ನನ್ನೂ ಹೊಟ್ಟೆಯಲ್ಲಿದ್ದ ಕೂಸನ್ನೂ ಸಾವಿನ ಬಾಗಿಲ ತನಕ ಒಯ್ದದ್ದು ರಕ್ತದೊತ್ತಡ. ಅದೂ ನೋಡಿದವರಿಗೆಲ್ಲ ಸರಿಯಾಗಿಯೇ ಕಂಡ ರಕ್ತದೊತ್ತಡ. ಅದನ್ನು ಬರೆದಿಡಬೇಕು ಅಂತ ಬಹಳ ದಿನಗಳಿಂದ ಮನಸ್ಸಿನಲ್ಲಿತ್ತು.

ಬೆಳೆದದ್ದು ಲಕ್ಷ್ಮೇಶ್ವರದಲ್ಲಿ. ಅವ್ವನ ತವರು ಶಿರಹಟ್ಟಿ ತಾಲೂಕಿನ ಒಂದು ಹಳ್ಳಿ. ನನ್ನನ್ನು ಕೊಟ್ಟದ್ದು ಮುಂಡರಗಿಗೆ. ಹುಟ್ಟಿ ವರ್ಷ ತುಂಬುವ ಮೊದಲೇ ನನ್ನ ಕೈಬೆರಳು, ಪಾದ ಬಾತುಕೊಳ್ಳುತ್ತಿದ್ದವಂತೆ, ಮುಟ್ಟಿದರೆ ಚೀರುತ್ತಿದ್ದೆನಂತೆ. ಆಯಿ ದೃಷ್ಟಿ ತೆಗೆದಳು. ಕಣ್ಣು ಹಳದಿಯಾದಾಗ ಕಾಮಾಲೆ ಎಂದು ಕಪ್ಪತಗುಡ್ಡದ ಬೇರು ತರಿಸಿ ಅರೆದು ಕುಡಿಸಿದರು. ಸ್ವಲ್ಪ ದೊಡ್ಡವಳಾದ ಮೇಲೆ ಮೊಣಕಾಲು, ಸೊಂಟ, ಎದೆಗೂಡು ಹಿಡಿದುಕೊಂಡು ಹೊರಳಾಡುವಾಗ ವಾತ ಅಂದರು. ಮಾಗಡಿ ಕೆರೆಗೆ ಹೆಬ್ಬಾತುಗಳು ಬಂದಿಳಿಯುವ ಚಳಿಗಾಲ ಬಂತೆಂದರೆ ನಮ್ಮ ಮನೆಯಲ್ಲಿ ನನ್ನ ನೋವಿನ ಹಂಗಾಮು ಶುರುವಾಯಿತು ಅಂತಲೇ ಲೆಕ್ಕ. ಅವ್ವ ಉಸುಕು ಹುರಿದು ಗಂಟು ಕಟ್ಟಿ ಕಾಲಿಗೆ ಶಾಖ ಕೊಡುತ್ತ ಇಡೀ ರಾತ್ರಿ ಕೂತಿರುತ್ತಿದ್ದಳು.

ಇದಕ್ಕಿಂತ ಹೆಚ್ಚು ನಾಚಿಕೆಯಿಂದ ನನ್ನನ್ನು ಕುಗ್ಗಿಸಿದ್ದು ಬೇರೆಯೇ ಇತ್ತು. ಏಳನೆಯ ತರಗತಿಗೆ ಬಂದರೂ ರಾತ್ರಿ ಹಾಸಿಗೆ ಒದ್ದೆಯಾಗುತ್ತಿತ್ತು. ಹಗಲಿನಲ್ಲೂ ಸದಾ ನೀರಡಿಕೆ, ಸದಾ ಮೂತ್ರದ ಅವಸರ. ಶಾಲೆಯಲ್ಲಿ ಹುಡುಗಿಯರಿಗೆ ಸರಿಯಾದ ಶೌಚಾಲಯ ಇರಲಿಲ್ಲ. ಅದಕ್ಕೇ ಮುಂಜಾನೆಯಿಂದ ನೀರು ಕುಡಿಯದೆ ಹೋಗುತ್ತಿದ್ದೆ. ಸಂಜೆ ಮನೆಗೆ ಬರುವಷ್ಟರಲ್ಲಿ ಕಾಲು ಸೇದತೊಡಗುತ್ತಿದ್ದವು. ನೀರು ಕುಡಿಯದಿದ್ದುದಕ್ಕೂ ಆ ನೋವಿಗೂ ಸಂಬಂಧವಿದೆ ಅಂತ ನಮಗೆ ಹೇಳುವವರು ಯಾರೂ ಇರಲಿಲ್ಲ. ದೊಡ್ಡ ಹುಡುಗಿ ಹಾಸಿಗೆ ಒದ್ದೆ ಮಾಡುತ್ತಾಳೆ ಎಂಬ ಮಾತು ಓಣಿಯಲ್ಲಿ ಹರಡಬಾರದೆಂದು ಅವ್ವ ನಸುಕಿನಲ್ಲೇ ಕೌದಿ ಒಗೆದು ಹಾಕುತ್ತಿದ್ದಳು.

ನನಗಿಂತ ಮೊದಲು ಒಬ್ಬ ಅಣ್ಣ ಹುಟ್ಟಿದ್ದ. ಎರಡು ವರ್ಷದ ಕೂಸು. ಸಂಜೆ ಜ್ವರ ಬಂದದ್ದು, ಮರುದಿನ ಮಧ್ಯಾಹ್ನಕ್ಕೆ ಹೋಗಿಬಿಟ್ಟ. ಈ ಕಾಯಿಲೆಯಲ್ಲಿ ಗುಲ್ಮ ಚಿಕ್ಕಂದಿನಲ್ಲೇ ಕೆಡುತ್ತದೆ, ಆಮೇಲೆ ಸೋಂಕು ತಗುಲಿದರೆ ಮಗುವಿನ ಮೈ ಅದನ್ನು ತಡೆಯಲಾರದು ಅಂತ ಮುಂದೆ ಎಷ್ಟೋ ವರ್ಷಕ್ಕೆ ತಿಳಿಯಿತು. ಅವನಿಗೂ ಇದೇ ಇತ್ತು ಎನ್ನಲು ಯಾವ ಪರೀಕ್ಷೆಯೂ ಆಗಿರಲಿಲ್ಲ. ಅವ್ವ ಮಾತ್ರ ಇದೇ ಎಂದು ನಂಬಿದ್ದಾಳೆ. ನಾನು ಅವಳ ಮಾತನ್ನು ತೆಗೆದುಹಾಕಲಾರೆ.

2005ರಲ್ಲಿ ಹುಬ್ಬಳ್ಳಿಯ ಕಿಮ್ಸ್‌ನಲ್ಲಿ ಹಿಮೋಗ್ಲೋಬಿನ್ ಎಲೆಕ್ಟ್ರೊಫೊರೆಸಿಸ್ ಎಂಬ ಪರೀಕ್ಷೆ ಮಾಡಿದರು. ರಿಪೋರ್ಟು ಹಿಡಿದುಕೊಂಡ ಡಾಕ್ಟರು ಮೊದಲು ಕೇಳಿದ್ದು, ‘ನಿಮ್ಮದು ಅಡವಿ ಕಡೆಯ ಜನವೇ?’ ಅಂತ. ಅವರು ಹಾಗೆ ಕೇಳಲು ಕಾರಣವಿತ್ತು. ನಮ್ಮ ರಾಜ್ಯದಲ್ಲಿ ಈ ಕಾಯಿಲೆ ಹೆಚ್ಚು ಕಂಡಿರುವುದು ಚಾಮರಾಜನಗರ, ಮೈಸೂರು, ಕೊಡಗಿನ ಸೋಲಿಗರು, ಜೇನುಕುರುಬರು, ಯರವರಲ್ಲಿ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದೇ 1952ರಲ್ಲಿ, ನಮ್ಮ ರಾಜ್ಯಕ್ಕೆ ಅಂಟಿಕೊಂಡ ನೀಲಗಿರಿಯ ಬೆಟ್ಟದ ಜನರಲ್ಲಿ. ಲೇಮನ್ ಮತ್ತು ಕಟ್‌ಬುಷ್ ಎಂಬಿಬ್ಬರು ರಕ್ತ ಪರೀಕ್ಷಿಸಿ ಹೇಳಿದ್ದು. ಅಪ್ಪ ಶೇಂಗಾ, ಉಳ್ಳಾಗಡ್ಡಿ ಬೆಳೆಯುವ ಬಯಲುಸೀಮೆಯ ರೈತ. ‘ಇಲ್ರಿ ಸಾಹೇಬ್ರ, ನಾವು ಲಕ್ಷ್ಮೇಶ್ವರದವ್ರು’ ಅಂದ. ವಂಶವಾಹಿ ಊರು, ಕುಲ ಕೇಳಿ ಬರುವುದಿಲ್ಲ ಎಂಬುದಕ್ಕೆ ನಾನೇ ಸಾಕ್ಷಿಯಾಗಿ ಅವರ ಮುಂದೆ ಕೂತಿದ್ದೆ.

ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ತಿಳಿಸಿದರು. ಹನ್ನೊಂದನೆಯ ವರ್ಣತಂತುವಿನಲ್ಲಿ ಬೀಟಾ ಗ್ಲೋಬಿನ್ ಎಂಬ ಪ್ರೋಟೀನಿನ ವಂಶವಾಹಿ ಇರುತ್ತದೆ. ಅದರಲ್ಲಿ ಒಂದೇ ಒಂದು ಅಕ್ಷರ ಬದಲಾದರೆ ಪ್ರೋಟೀನಿನ ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಬಂದು ಕೂಡುತ್ತದೆ. ಅಷ್ಟಕ್ಕೇ ಆಮ್ಲಜನಕ ಕಡಿಮೆಯಾದಾಗ ದುಂಡಗಿರಬೇಕಾದ ಕೆಂಪು ಕಣ ಕುಡಗೋಲಿನಂತೆ ಬಾಗಿ ಬಿರುಸಾಗುತ್ತದೆ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ, ಬೇಗ ಒಡೆಯುತ್ತದೆ. ತಂದೆಯಿಂದ ಒಂದು, ತಾಯಿಯಿಂದ ಒಂದು ಹೀಗೆ ಎರಡೂ ಕೆಟ್ಟ ಪ್ರತಿ ಬಂದರೆ ಕಾಯಿಲೆ. ಒಂದೇ ಬಂದರೆ ಬರೀ ವಾಹಕ, ಸಾಮಾನ್ಯವಾಗಿ ಯಾವ ತೊಂದರೆಯೂ ಇಲ್ಲ. ಅಷ್ಟೇ ಅಲ್ಲ, ಆ ಒಂದು ಪ್ರತಿ ಮಲೇರಿಯಾದಿಂದ ಸಾಯದಂತೆ ಕಾಪಾಡುತ್ತದೆ. ಆ ಕಾರಣಕ್ಕೇ ಇದು ಸಾವಿರಾರು ವರ್ಷ ಮನುಷ್ಯರಲ್ಲಿ ಉಳಿದು ಬಂದಿದೆ. ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಕಾಯಿಲೆಯ ಮಗು ಹುಟ್ಟುವ ಸಂಭವ ನಾಲ್ಕರಲ್ಲಿ ಒಂದು.

ಅಪ್ಪನಿಗೆ ಅವ್ವ ಸೋದರಮಾವನ ಮಗಳು. ಒಂದೇ ಮನೆತನದ ಹಿರಿಯರಿಂದ ಇಳಿದು ಬಂದ ಅದೇ ಅಕ್ಷರ ಇಬ್ಬರಲ್ಲೂ ಇತ್ತು. ಇದನ್ನು ಕೇಳಿದ ಅವ್ವ, ‘ಹಂಗಾರ ನಮ್ಮಿಂದನ ಬಂತಲ್ರಿ ಇದು?’ ಅಂದು ಸೆರಗು ಬಾಯಿಗೆ ಒತ್ತಿಕೊಂಡಳು. ‘ನಿಮ್ಮ ತಪ್ಪು ಏನೂ ಇಲ್ರಿ ಅವ್ವಾರ, ಯಾರ್ದೂ ತಪ್ಪಿಲ್ಲ’ ಅಂತ ಡಾಕ್ಟರು ಎಷ್ಟು ಸಲ ಹೇಳಿದರೂ ಬಸ್ಸಿನಲ್ಲಿ ಶಿಗ್ಗಾಂವಿ ದಾಟುವ ತನಕ ಅವಳ ಅಳು ನಿಲ್ಲಲಿಲ್ಲ.

ಈಗ ಬಿ.ಪಿ.ಯ ಮಾತಿಗೆ ಬರುತ್ತೇನೆ. ನನಗೆ ಯಾವಾಗ ಬಿ.ಪಿ. ನೋಡಿದರೂ 96/58, 94/60, ಹೀಗೇ ಬರುತ್ತಿತ್ತು. ‘ಲೋ ಬಿ.ಪಿ. ಐತಿ, ಉಪ್ಪು ಹಾಕಿ ಮಜ್ಜಿಗಿ ಕುಡಿ’ ಅನ್ನುವವರೇ ಎಲ್ಲ. ಹಿಮೋಗ್ಲೋಬಿನ್ ಎಂಟರ ಹತ್ತಿರ, ಬಿ.ಪಿ. ನೂರರ ಕೆಳಗೆ, ಅದೇ ನನ್ನ ಮೈಯ ಸಹಜ ಸ್ಥಿತಿ ಅಂತ ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು. ಕಾರಣವನ್ನೂ ಹೇಳಿದ್ದರು. ಮೂತ್ರಪಿಂಡದ ಒಳತಿರುಳಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ. ಅಲ್ಲಿಗೆ ಹೋದ ನಮ್ಮ ಕಣಗಳು ಬಾಗಿ ಅಲ್ಲಿನ ಸಣ್ಣ ನಾಳಗಳನ್ನು ಹಾಳು ಮಾಡುತ್ತವೆ. ಆಗ ಮೂತ್ರವನ್ನು ಗಟ್ಟಿ ಮಾಡುವ ಶಕ್ತಿ ಹೋಗುತ್ತದೆ. ನೀರು, ಉಪ್ಪು ಎರಡೂ ಹೆಚ್ಚಾಗಿ ಸೋರಿಹೋಗುತ್ತವೆ. ಮೇಲೆ ರಕ್ತಹೀನತೆಯಿಂದ ರಕ್ತನಾಳಗಳು ಹಿಗ್ಗಿರುತ್ತವೆ. ಹಾಗಾಗಿ ಒತ್ತಡ ಕಡಿಮೆ. ಅದನ್ನು ಕೇಳಿದ ದಿನ ನನ್ನ ತಲೆಯ ಮೇಲಿನ ದೊಡ್ಡ ಭಾರ ಇಳಿಯಿತು. ಚಿಕ್ಕಂದಿನಲ್ಲಿ ಒದ್ದೆಯಾದ ಆ ಕೌದಿಗಳಿಗೆ ನನ್ನ ಸೋಮಾರಿತನವಾಗಲಿ, ಅವ್ವನ ಪಾಲನೆಯಾಗಲಿ ಕಾರಣವಾಗಿರಲಿಲ್ಲ. ಅದೇ ಮೂತ್ರಪಿಂಡ, ಅದೇ ನೀರು.

ಹೈಡ್ರಾಕ್ಸಿಯೂರಿಯಾ ಗುಳಿಗೆ ಶುರುವಾದ ಮೇಲೆ ನೋವು ಬಹಳ ಕಡಿಮೆಯಾಯಿತು. ಬಿ.ಎ. ಮುಗಿಸಿದೆ. ಮುಂಡರಗಿಯಿಂದ ನೋಡಲು ಬಂದವರಿಗೆ ಕಾಯಿಲೆಯ ವಿಷಯ ಮುಚ್ಚಿಡಬೇಡ ಅಂತ ಅಪ್ಪನಿಗೆ ನಾನೇ ಹೇಳಿದೆ. ನಮ್ಮನೆಯವರು ಗದಗಿಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಂಡು ಬಂದರು, ವಾಹಕರಲ್ಲ ಅಂತ ಬಂತು. ಅಂದರೆ ನಮ್ಮ ಮಕ್ಕಳೆಲ್ಲ ವಾಹಕರೇ ಆಗುತ್ತಾರೆ, ಕಾಯಿಲೆ ಯಾರಿಗೂ ಬರುವುದಿಲ್ಲ. ಆ ಚೀಟಿ ನೋಡಿದ ಮೇಲೆಯೇ ನಾನು ಹೂಂ ಅಂದದ್ದು.

2016ರಲ್ಲಿ ಬಸುರಿಯಾದೆ. ಗರ್ಭಕ್ಕೆ ಆಗುವುದಿಲ್ಲವೆಂದು ಡಾಕ್ಟರ ಸಲಹೆಯಂತೆ ಗುಳಿಗೆಯನ್ನು ತಿಂಗಳುಗಳ ಮೊದಲೇ ನಿಲ್ಲಿಸಿದ್ದೆ. ನೋವು ಹಿಂತಿರುಗಿ ಬಂತು. ಅದಕ್ಕೆ ನಾನು ಸಿದ್ಧಳಾಗಿದ್ದೆ. ತಾಯಿ ಕಾರ್ಡಿನಲ್ಲಿ ಮೊದಲ ತಿಂಗಳುಗಳ ಬಿ.ಪಿ. ನನ್ನದೇ ಎಂದಿನಂತೆ 94/56. ಏಳನೆಯ ತಿಂಗಳಲ್ಲಿ 112/70. ಎಂಟು ತುಂಬುವ ಮೊದಲು 126/82. ‘ಈಗ ಛಲೋ ಆತು ನೋಡವ್ವಾ, ಬಿ.ಪಿ. ನಾರ್ಮಲ್ ಐತಿ’ ಅಂದರು ತಪಾಸಣೆ ಮಾಡಿದ ಸಿಸ್ಟರ್. ಮನೆಯಲ್ಲಿ ಅತ್ತೆಗೂ ಸಂತೋಷವಾಯಿತು. ಸೊಸೆಯ ಮೈ ಕೊನೆಗೂ ಹಿಡಿತಕ್ಕೆ ಬಂತು, ರಕ್ತ ಕೂಡಿತು ಅಂತ. ಪಾದ ಬಾತಿದ್ದವು, ಬಸುರಿಯರಿಗೆ ಬಾತೇ ಬಾಯುತ್ತವೆ ಅಂದರು. ತಲೆಶೂಲೆಗೆ ಬಿಸಿಲು ಕಾರಣವಾಯಿತು. ಮುಂದಿನ ಸಲ 134/88 ಬಂತು. ಅದೂ ನಾರ್ಮಲ್. ಬಸಿರಿನಲ್ಲಿ ಗಾಬರಿಯ ಗೆರೆ 140/90. ಅದನ್ನು ನಾನು ದಾಟಿರಲಿಲ್ಲ. ಅಲ್ಲಿ ಬರೆದವರು ತಮಗೆ ಕಲಿಸಿದ ಗೆರೆಯನ್ನೇ ನೋಡಿದರು. ಮೊದಲ ಪುಟದ ಅಂಕಿಗೂ ಕೊನೆಯ ಅಂಕಿಗೂ ನಡುವೆ ಮೇಲಿನ ಬಿ.ಪಿ. ನಲವತ್ತು ಏರಿದ್ದನ್ನು ಯಾರೂ ಒಟ್ಟಿಗೆ ಇಟ್ಟು ನೋಡಲಿಲ್ಲ.

ಆ ರಾತ್ರಿ ಊಟ ಮಾಡಿ ಮಲಗಿದ ಮೇಲೆ ಎದೆಯ ಕೆಳಗೆ, ಹೊಟ್ಟೆಯ ಮೇಲ್ಭಾಗದಲ್ಲಿ ಹಿಂಡತೊಡಗಿತು. ಹಿಂದೆಯೇ ತೊಡೆಯ ಎಲುಬಿನಲ್ಲಿ ನನ್ನ ಹಳೆಯ ನೋವು. ಎರಡೂ ಕೂಡಿ ಬಂದವು. ಲೈಟು ಹಾಕಿದರೆ ಕಣ್ಣ ಮುಂದೆ ಕಿಡಿ ಹಾರಿದಂತಾಗಿ ನಮ್ಮನೆಯವರ ಮುಖ ಅರ್ಧ ಮಾತ್ರ ಕಂಡಿತು. 108 ಬಂತು. ಮುಂಡರಗಿಯಿಂದ ಗದಗಿಗೆ ಡಂಬಳದ ಮೇಲೆ ಸುಮಾರು 40 ಕಿಲೋಮೀಟರು. ರಸ್ತೆಯ ಪ್ರತಿ ಕುಣಿಯೂ ಸೊಂಟದ ಎಲುಬಿಗೆ ಬಡಿಯುತ್ತಿತ್ತು. ಡಂಬಳದ ದೀಪಗಳು ಕಿಟಕಿಯಲ್ಲಿ ಹಾದದ್ದು ನೆನಪಿದೆ. ಅಲ್ಲಿಂದ ಮುಂದೆ ನೆನಪಿಲ್ಲ.

ಉಳಿದದ್ದನ್ನು ನಮ್ಮನೆಯವರು ಹೇಳಿದ್ದು. ಗದಗ ಮುಟ್ಟುವ ಹೊತ್ತಿಗೆ ಕೈಕಾಲು ಸೆಟೆದುಕೊಂಡು ಫಿಟ್ಸ್ ಬಂದಿತ್ತು. ಆಸ್ಪತ್ರೆಯಲ್ಲಿ ನೋಡಿದಾಗ ಬಿ.ಪಿ. 158/102, ಮೂತ್ರದಲ್ಲಿ ಪ್ರೋಟೀನು. ಬಸಿರಿನ ನಂಜು ಅಂದರು. ಮ್ಯಾಗ್ನೀಷಿಯಂ ಸಲ್ಫೇಟ್ ಹಾಕಿದರು; ಎಚ್ಚರ ಬಂದಾಗ ಮೈತುಂಬ ಬೆಂಕಿ ಹರಿದಂತಹ ಉರಿ ನನಗೇ ಗೊತ್ತಾಯಿತು. ಮಂಚದ ಕಾಲ ಕಡೆಗೆ ನಿಂತು ಇಬ್ಬರು ಡಾಕ್ಟರು ಸಣ್ಣ ದನಿಯಲ್ಲಿ ವಾದಿಸುತ್ತಿದ್ದರು. ಸಿಕಲ್ ಸೆಲ್ ನೋವು ಬಂದವರಿಗೆ ಸಲೈನ್ ಧಾರಾಳವಾಗಿ ಕೊಡಬೇಕು, ಇಲ್ಲದಿದ್ದರೆ ಕಣಗಳು ಇನ್ನೂ ಬಾಗುತ್ತವೆ. ನಂಜು ಬಂದವರಿಗೆ ಸಲೈನ್ ಬಿಗಿಹಿಡಿದು ಕೊಡಬೇಕು, ಇಲ್ಲದಿದ್ದರೆ ಪುಪ್ಪುಸದಲ್ಲಿ ನೀರು ತುಂಬುತ್ತದೆ. ನನಗೆ ಎರಡೂ ಇದ್ದವು. ರಕ್ತ ಕೊಡುವುದರಲ್ಲೂ ಅದೇ ಇಕ್ಕಟ್ಟು. ಹಿಮೋಗ್ಲೋಬಿನ್ ಅನ್ನು ಒಮ್ಮೆಲೇ ಏರಿಸಿದರೆ ನಮ್ಮಂಥವರ ರಕ್ತ ಮಂದವಾಗಿ ಬಿ.ಪಿ. ಇನ್ನೂ ಹಾರಿ ಮಿದುಳಿಗೇ ಅಪಾಯ. ಅವರು ತಾಸು ತಾಸಿಗೆ ಅಳೆದು, ಹನಿ ಲೆಕ್ಕ ಹಾಕಿ, ಸಿಸೇರಿಯನ್ ಮಾಡಿ ನಮ್ಮಿಬ್ಬರನ್ನೂ ಉಳಿಸಿದರು. ಮಗಳು ಎರಡು ಕಿಲೋ ಕೂಡ ಇರಲಿಲ್ಲ. ಅವಳನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ನಾನು ಎದ್ದು ಕೂಡುವಂತಾದ ಮೇಲೆ ಎದೆಗವಚಿ ಹಿಡಿದುಕೊಳ್ಳಲು ಕೊಟ್ಟರು. ದಿನದಲ್ಲಿ ಎಷ್ಟು ಹೊತ್ತು ಆಗುತ್ತದೋ ಅಷ್ಟು ಹೊತ್ತು, ಚರ್ಮಕ್ಕೆ ಚರ್ಮ ತಾಗಿಸಿ.

ನನ್ನ ತಾಯಿ ಕಾರ್ಡನ್ನು ಮೊದಲಿನಿಂದ ಕೊನೆಯ ತನಕ ಓದಿದ್ದು ಅಲ್ಲಿಯ ಒಬ್ಬ ಎಳೆಯ ಡಾಕ್ಟರು. ರೌಂಡ್ಸ್ ಮುಗಿದ ಮೇಲೆ ಬಂದು ಮಂಚದ ಹತ್ತಿರ ಕೂತು, ಪೆನ್ನಿನಿಂದ ಒಂದೊಂದು ಬಿ.ಪಿ.ಗೂ ಗುಂಡು ಹಾಕಿದರು. ‘ಅಕ್ಕಾರ, ಇದು ನಿಮಗ ನಾರ್ಮಲ್ ಅಲ್ಲ. ಬ್ಯಾರೇದವರಿಗೆ ನಾರ್ಮಲ್’ ಅಂದರು.

ಆಮೇಲೆ ಅವರು ಹೇಳಿದ್ದನ್ನು ನಾನು ಮತ್ತೆ ಮತ್ತೆ ಕೇಳಿ ಬರೆದುಕೊಂಡೆ. 1997ರಲ್ಲಿ ಅಮೆರಿಕದಲ್ಲಿ ಚಾರ್ಲ್ಸ್ ಪೆಗೆಲೊ ಮತ್ತು ಜೊತೆಯವರು ಸಿಕಲ್ ಸೆಲ್ ಇದ್ದ 3,000ಕ್ಕೂ ಹೆಚ್ಚು ಜನರ ಬಿ.ಪಿ.ಯನ್ನು ವರ್ಷಗಟ್ಟಲೆ ಗಮನಿಸಿ ಬರೆದ ವಿಷಯ ಅದು. ಈ ಕಾಯಿಲೆಯವರ ಬಿ.ಪಿ. ಅದೇ ವಯಸ್ಸಿನ ಉಳಿದವರಿಗಿಂತ ಕಡಿಮೆ. ಆದರೆ ಅವರಲ್ಲೇ ಯಾರ ಬಿ.ಪಿ. ಉಳಿದವರಿಗಿಂತ ಮೇಲಿರುತ್ತದೋ, ಅಂಥವರಿಗೆ ಲಕ್ವ ಹೊಡೆಯುವ, ಸಾಯುವ ಅಪಾಯ ಹೆಚ್ಚು. 2008ರಲ್ಲಿ ಬಂದ ಇನ್ನೊಂದು ಅಧ್ಯಯನ ಗೆರೆಯನ್ನೇ ಎಳೆದು ತೋರಿಸಿತು: ಮೇಲಿನದು 120ರಿಂದ 139, ಅಥವಾ ಕೆಳಗಿನದು 70ರಿಂದ 89 ಇದ್ದರೆ, ಬೇರೆಯವರಲ್ಲಿ ಯಾರೂ ತಲೆ ಕೆಡಿಸಿಕೊಳ್ಳದ ಈ ಒತ್ತಡವೇ, ನಮ್ಮಲ್ಲಿ ಮೂತ್ರಪಿಂಡ ಕೆಡುವುದಕ್ಕೂ ಪುಪ್ಪುಸದ ರಕ್ತನಾಳಗಳಲ್ಲಿ ಒತ್ತಡ ಏರುವುದಕ್ಕೂ ಜೊತೆಯಾಗಿರುತ್ತದೆ. ಒಡೆದ ಕಣಗಳಿಂದ ಚೆಲ್ಲಿದ ಹಿಮೋಗ್ಲೋಬಿನ್, ರಕ್ತನಾಳವನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡನ್ನು ಹೀರಿಬಿಡುತ್ತದೆ. ನಾಳಗಳು ಬಿಗಿಯುತ್ತ ಹೋಗುತ್ತವೆ. ತೊಂಬತ್ತಾರರಲ್ಲಿ ಬಾಳಿದ ಮೈಗೆ ನೂರಾ ಮೂವತ್ತು ಬಂತೆಂದರೆ ಒಳಗೆ ಯಾವುದೋ ಅಂಗ ಸೋಲುತ್ತಿದೆ ಎಂದೇ ತಿಳಿಯಬೇಕು. ಇದು ನಾನು ಬಸುರಿಯಾಗುವುದಕ್ಕಿಂತ ಎಷ್ಟೋ ಮೊದಲೇ ಬರೆದಿಟ್ಟ ಜ್ಞಾನ. ಮುಂಡರಗಿಯ ತಪಾಸಣೆ ಕೋಣೆಯ ತನಕ ಅದು ಬಂದಿರಲಿಲ್ಲ ಅನ್ನುವುದೇ ನನ್ನ ಸಂಕಟ.

ಹೆರಿಗೆಯ ನಂತರ ಬಿ.ಪಿ. ಇಳಿಯಿತು, ಆದರೆ ಹಳೆಯ ತೊಂಬತ್ತಾರಕ್ಕೆ ಮರಳಿ ಬರಲಿಲ್ಲ. ಮೂತ್ರದಲ್ಲಿ ಪ್ರೋಟೀನು ಹೋಗುವುದು ನಿಲ್ಲಲಿಲ್ಲ. ಮೂತ್ರಪಿಂಡವನ್ನು ಕಾಯಲು ಎನಾಲಪ್ರಿಲ್ ಗುಳಿಗೆ ಕೊಟ್ಟಿದ್ದಾರೆ. ಅದನ್ನು ನುಂಗುವಾಗ ಬಸುರಿಯಾಗಬಾರದು, ಹೀಗಾಗಿ ಇನ್ನೊಂದು ಮಗುವಿನ ಮಾತನ್ನು ನಾವು ಅಲ್ಲಿಗೆ ಬಿಟ್ಟೆವು. ಅತ್ತೆಯನ್ನು ಇದಕ್ಕೆ ಒಪ್ಪಿಸಲು ವರ್ಷಗಳೇ ಹಿಡಿದವು. ಹೈಡ್ರಾಕ್ಸಿಯೂರಿಯಾ ಮತ್ತೆ ಶುರುವಾಗಿದೆ. ವರ್ಷಕ್ಕೊಮ್ಮೆ ಎಕೋ ಮಾಡಿ ಪುಪ್ಪುಸದ ಒತ್ತಡ ನೋಡುತ್ತಾರೆ. ಒಮ್ಮೆ ಕಾಲು ಬಾತಾಗ ಬೇರೆ ಕಡೆ ನೀರು ಇಳಿಸುವ ಗುಳಿಗೆ ಬರೆದುಕೊಟ್ಟಿದ್ದರು. ನುಂಗುವ ಮೊದಲು ನನ್ನ ಡಾಕ್ಟರಿಗೆ ಫೋನು ಮಾಡಿದೆ. ಬೇಡ ಅಂದರು, ಮೊದಲೇ ನೀರು ಸೋರುವ ಮೈಯಿಂದ ಇನ್ನಷ್ಟು ನೀರು ತೆಗೆದರೆ ಕಣಗಳು ಬಾಗಿ ನೋವು ಹುಟ್ಟುತ್ತದೆ. ಬೇಸಿಗೆಯಲ್ಲಿ ಮುಂಡರಗಿಯ ಬಿಸಿಲು ಏರುವಾಗ ನೀರಿನ ಬಾಟಲಿ ಕೈಬಿಡುವಂತಿಲ್ಲ.

2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಕೇಂದ್ರ ಸರ್ಕಾರ ಸಿಕಲ್ ಸೆಲ್ ನಿರ್ಮೂಲನಾ ಮಿಷನ್ ಆರಂಭಿಸಿತು. 40 ವರ್ಷದೊಳಗಿನ 7 ಕೋಟಿ ಜನರ ರಕ್ತ ಪರೀಕ್ಷೆ, 2047ರ ಹೊತ್ತಿಗೆ ನಿರ್ಮೂಲನೆ ಎಂಬ ಗುರಿ. ಬುಡಕಟ್ಟು ಜನರಿಗೆ ಇದು ಮೊದಲು ತಲುಪಬೇಕಾದದ್ದು ನ್ಯಾಯ. ಜೊತೆಗೆ ಪರೀಕ್ಷೆಯಲ್ಲಿ ಸಿಕ್ಕವರ ಚೀಟಿಯ ಮೇಲೆ ಅವರ ಎಂದಿನ ಬಿ.ಪಿ. ಎಷ್ಟು ಅಂತಲೂ ಬರೆಯಬೇಕು ಎಂದು ನನ್ನ ಒತ್ತಾಯ. ಬಿ.ಆರ್. ಹಿಲ್ಸಿನ ಸೋಲಿಗರ ಹುಡುಗಿ ಬಸುರಿಯಾದಾಗ ಅವಳ 126/82 ಕೂಡ ಯಾರದೋ ಕಣ್ಣಿಗೆ ಛಲೋ ಕಾಣಬಾರದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಈ ಕಾಯಿಲೆಯೂ ಸೇರಿದೆ ಎಂಬುದು ನಮ್ಮ ಕಡೆಯ ಬಹಳ ಜನರಿಗೆ ತಿಳಿದಿಲ್ಲ. ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು, ಹಾಕಬೇಕು.

ಮಗಳು ಈಗ ಶಾಲೆಗೆ ಹೋಗುತ್ತಾಳೆ. ಅವಳು ವಾಹಕಿ. ವಾಹಕರ ಬಿ.ಪಿ. ಉಳಿದವರಂತೆಯೇ ಇರುತ್ತದೆ ಅಂತ ತಿಳಿದ ಮೇಲೆ ಅವಳ ತೋಳಿಗೆ ಪಟ್ಟಿ ಸುತ್ತುವುದನ್ನು ಬಿಟ್ಟಿದ್ದೇನೆ.

ತಮ್ಮನೂ ವಾಹಕ. ಅವನಿಗೆ ಅವ್ವನ ಅಣ್ಣನ ಮಗಳನ್ನು ತರಬೇಕೆಂದು ಎರಡೂ ಮನೆಯವರು ಚಿಕ್ಕಂದಿನಿಂದ ಆಡಿಕೊಂಡಿದ್ದರು. ಮಾತು ಪಕ್ಕಾ ಆಗುವ ಮೊದಲು ಹುಡುಗಿಯ ರಕ್ತ ಪರೀಕ್ಷೆ ಆಗಲಿ ಅಂತ ನಾನು ಶಿರಹಟ್ಟಿಗೆ ಹೋಗಿ ಮಾವನ ಮುಂದೆ ಕೂತು ಹೇಳಿದೆ. ‘ಹೆಣ್ಣಿನ ರಕ್ತ ನೋಡಿ ಮದುವಿ ಮಾಡೂ ಕಾಲ ಬಂತೇನ ತಂಗಿ?’ ಅಂದ ಮಾವ. ಹುಡುಗಿಯೇ ಒಳಗಿನಿಂದ ಬಂದು, ‘ನಾ ಮಾಡಿಸ್ತೀನಿ ಬಿಡಪ್ಪಾ, ಅಕ್ಕನ ಪಾಡು ನೋಡಿಲ್ಲೇನ?’ ಅಂದಳು. ಅವಳೂ ವಾಹಕಿ ಎಂದು ಬಂತು. ಸಂಬಂಧ ಬಿಟ್ಟೆವು. ಅವಳನ್ನು ಮುಂದೆ ಹಾವೇರಿ ಕಡೆಗೆ ಕೊಟ್ಟರು. ಹುಡುಗನಿಗೂ ಮೊದಲೇ ಪರೀಕ್ಷೆ ಆಗಿತ್ತು, ಅದನ್ನು ಮಾಡಿಸಿದವನು ಮಾವನೇ. ನಮ್ಮ ಮನೆಗೆ ಮಾತ್ರ ಮಾವ ಆ ಮೇಲೆ ಕಾಲಿಟ್ಟಿಲ್ಲ. ಅವ್ವ ಪ್ರತಿ ವರ್ಷ ಪಂಚಮಿಗೆ ಉಂಡಿ ಕಟ್ಟಿ ಕಳಿಸುತ್ತಾಳೆ. ಈ ಸಲ ಡಬ್ಬಿ ತೊಗೊಂಡು ಹೋಗುವವಳು ನಾನೇ ಅಂತ ಅವ್ವನಿಗೆ ಹೇಳಿದ್ದೇನೆ.